ಮಣ್ಣಿಗೆ ಹೊದಿಕೆ ಮತ್ತು ಮಿತ ಉಳುಮೆ: ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ರೈತರಿಗೆ ಮಾಹಿತಿ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ರಾಜ್ಯದ ದಕ್ಷಿಣ ಒಣ ವಲಯಕ್ಕೆ ಸೇರಿವೆ. ಈ ವಲಯದ ವಾರ್ಷಿಕ ಮಳೆ ಸುಮಾರು 670ರಿಂದ 890 ಮಿ.ಮೀ. ಮುಂಗಾರುಪೂರ್ವ ಮಳೆಗೂ ಸೆಪ್ಟೆಂಬರ್-ಅಕ್ಟೋಬರ್ ಮಳೆಗೂ ನಡುವಿನ ಒಣಹವೆಯಲ್ಲಿ ಮಳೆಯಾಶ್ರಿತ ಬೆಳೆಯ ಉಳಿವು ಮಣ್ಣಿನಲ್ಲಿ ಉಳಿದ ತೇವಾಂಶವನ್ನು ಅವಲಂಬಿಸಿರುತ್ತದೆ.

ಹೊದಿಕೆಯ ಪ್ರಯೋಜನಗಳು

ಹಸಿರೆಲೆ, ರವದಿ ಮುಂತಾದ ಬೆಳೆ ಉಳಿಕೆಗಳಿಂದ ಮಣ್ಣನ್ನು ಮುಚ್ಚುವುದರಿಂದ ತೇವಾಂಶ ಆವಿಯಾಗುವುದು ಕಡಿಮೆಯಾಗುತ್ತದೆ. ಮಳೆಹನಿಯ ಹೊಡೆತ ತಪ್ಪಿ, ಮಣ್ಣಿನ ಮೇಲ್ಪದರ ಗಟ್ಟಿಯಾಗದೆ ನೀರು ಇಂಗುತ್ತದೆ. ಕಳೆ ಹತೋಟಿಗೆ ಬರುತ್ತದೆ. ಹೊದಿಕೆ ಕೊಳೆತ ನಂತರ ಸಾವಯವ ಅಂಶ ಮಣ್ಣಿಗೆ ಸೇರುತ್ತದೆ.

ಅರಿಶಿನಕ್ಕೆ ನಾಟಿಯಾದ ಕೂಡಲೇ ಹೆಕ್ಟೇರಿಗೆ 12ರಿಂದ 15 ಟನ್ ಹಸಿರೆಲೆ ಹೊದಿಸಲು ಶಿಫಾರಸು ಮಾಡಲಾಗಿದೆ. ಕಳೆ ತೆಗೆದು, ಮಣ್ಣು ಏರಿಸಿದ ಬಳಿಕ ಮತ್ತೊಮ್ಮೆ ಹೊದಿಸಬಹುದು. ಬಾಳೆ ತೋಟದಲ್ಲಿ ಗೊನೆ ಕಡಿದ ನಂತರದ ರೋಗರಹಿತ ದಿಂಡು ಮತ್ತು ಎಲೆಗಳನ್ನು ಕತ್ತರಿಸಿ ಅಲ್ಲಿಯೇ ಹರಡುವುದು ಸೂಕ್ತ.

ಮಿತ ಉಳುಮೆ

ಪದೇ ಪದೇ ಉಳುಮೆ ಮಾಡಿದಲ್ಲಿ ಮಣ್ಣಿನ ಕಣರಚನೆ ಒಡೆದು, ಸಾವಯವ ಅಂಶ ಬೇಗ ಕ್ಷಯಿಸುತ್ತದೆ. ಅಗತ್ಯವಿರುವಷ್ಟೇ ಉಳುಮೆ ಮಾಡಿದಲ್ಲಿ ತೇವಾಂಶ ಮತ್ತು ಇಂಧನದ ವೆಚ್ಚ ಎರಡೂ ಉಳಿಯುತ್ತವೆ. ಆದರೆ ಅರಿಶಿನದಂತಹ ಗೆಡ್ಡೆ ಬೆಳೆಗೆ ಸಡಿಲ ಮಣ್ಣು ಬೇಕಾದ್ದರಿಂದ, ನಾಟಿಪೂರ್ವ ಉಳುಮೆಯನ್ನು ಕೈಬಿಡಬಾರದು. ಹೊದಿಕೆಯಿಲ್ಲದೆ ಉಳುಮೆಯನ್ನು ಮಾತ್ರ ಕಡಿಮೆ ಮಾಡಿದಲ್ಲಿ ಕಳೆ ಹೆಚ್ಚುವ ಸಂಭವವಿದೆ.

ಗಮನಿಸಬೇಕಾದ ಅಂಶಗಳು

1. ಜೋಳ, ರಾಗಿಯ ಹುಲ್ಲು ದನಕರುಗಳ ಮೇವಾಗಿರುವುದರಿಂದ, ಹೊದಿಕೆಗಾಗಿ ಬದುಗಳಲ್ಲಿ ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಹೊಂಗೆ ಬೆಳೆಸುವುದು. ಬಂಡೀಪುರ ಅರಣ್ಯದಿಂದ ತರಗೆಲೆ ತರಬಾರದು.
2. ಒಣಹುಲ್ಲು ಮಣ್ಣಿನೊಳಗೆ ಬೆರೆತಲ್ಲಿ ಬೆಳೆಗೆ ತಾತ್ಕಾಲಿಕವಾಗಿ ಸಾರಜನಕದ ಕೊರತೆಯಾಗಬಹುದು. ಆದ್ದರಿಂದ ಅದನ್ನು ಮೇಲ್ಮೈಯಲ್ಲಿಯೇ ಹರಡುವುದು.
3. ನೀರು ನಿಲ್ಲುವ ಕಪ್ಪು ಮಣ್ಣಿನಲ್ಲಿ ಮೊದಲು ಬಸಿಗಾಲುವೆ ತೆಗೆಯುವುದು. ತಪ್ಪಿದಲ್ಲಿ ಗೆಡ್ಡೆ ಕೊಳೆಯಬಹುದು.
4. ಪ್ಲಾಸ್ಟಿಕ್ ಹೊದಿಕೆ ತೇವಾಂಶ ಉಳಿಸುತ್ತದೆಯೇ ಹೊರತು ಮಣ್ಣಿಗೆ ಸಾವಯವ ಅಂಶ ನೀಡುವುದಿಲ್ಲ. ಕಟಾವಿನ ನಂತರ ಅದನ್ನು ಸಂಪೂರ್ಣವಾಗಿ ಹೊರತೆಗೆಯಬೇಕು. ಸುಡಬಾರದು.

ಮಾಹಿತಿ ಮತ್ತು ಸೌಲಭ್ಯ

ತಾಂತ್ರಿಕ ಸಲಹೆಗಾಗಿ ರೈತರು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಪ್ಲಾಸ್ಟಿಕ್ ಹೊದಿಕೆಯ ಸಹಾಯಧನದ ಬಗ್ಗೆ, ಖರೀದಿಗೆ ಮುನ್ನವೇ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸುವುದು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳನ್ನು ಹಾಗೂ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು. ಮೊದಲ ವರ್ಷ ಜಮೀನಿನ ಒಂದು ಭಾಗದಲ್ಲಿ ಮಾತ್ರ ಈ ಪದ್ಧತಿ ಅಳವಡಿಸಿ, ಉಳಿದ ಭಾಗದೊಂದಿಗೆ ಹೋಲಿಸಿ ನೋಡಿದ ನಂತರ ವಿಸ್ತರಿಸುವುದು ಸೂಕ್ತ.