ಅಟ್ಟದ ಮೇಲಿನ ಒಂದು ವರ್ಷ

ಕಳೆದ ಬೇಸಿಗೆಯ ಒಂದು ಸಂಜೆ, ತಿಪಟೂರಿನ ನಮ್ಮ ಮನೆಗೆ ನಮ್ಮ ಬೀದಿಯ ಹುಡುಗಿಯೊಬ್ಬಳು ತಂದೆಯೊಡನೆ ಬಂದಳು. ಚಿಕ್ಕಂದಿನಲ್ಲಿ ನನ್ನ ಬಳಿ ಕನ್ನಡ ಹೇಳಿಸಿಕೊಂಡವಳು. ದ್ವಿತೀಯ ಪಿ.ಯು.ಸಿ. ಮುಗಿದಿತ್ತು, ಅಂಕಗಳೂ ಚೆನ್ನಾಗಿದ್ದುವು. ಮುಂದೆ ಸಸ್ಯಶಾಸ್ತ್ರವೋ ಚಿತ್ರಕಲೆಯೋ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಕಾಲೇಜು ಸೇರುವ ಮೊದಲು ಒಂದು ವರ್ಷ ಬೆಂಗಳೂರಿನಲ್ಲಿದ್ದು, ತನಗೆ ಒಗ್ಗುವ ವಿದ್ಯೆ ಯಾವುದೆಂದು ಕಂಡುಕೊಳ್ಳಬೇಕೆಂಬುದು ಅವಳ ಹಂಬಲ. ತಂದೆ ಕೊಬ್ಬರಿ ವ್ಯಾಪಾರಸ್ಥರು. “ನೀವಾದರೂ ಹೇಳಿ, ಮೇಷ್ಟ್ರೇ. ಒಂದು ವರ್ಷ ಮಣ್ಣುಪಾಲಾಗುವುದಿಲ್ಲವೇ?” ಎಂದರು.

ನಾನು ಕೂಡಲೇ ಉತ್ತರ ಕೊಡಲಾರದೆ ಹೋದೆ. 1978ರಲ್ಲಿ ನಾನೂ ಹೀಗೆಯೇ ಬೆಂಗಳೂರಿಗೆ ಹೋದವನು. ಮೊದಲ ನಾಲ್ಕು ತಿಂಗಳು ಮೆಜೆಸ್ಟಿಕ್ಕಿನ ಚಿತ್ರಮಂದಿರಗಳಲ್ಲಿಯೂ ಕಬ್ಬನ್ ಪಾರ್ಕಿನ ಬೆಂಚುಗಳ ಮೇಲೆಯೂ ಕಳೆದುವು. ತಂದೆಗೆ ಬರೆದ ಕಾಗದಗಳಲ್ಲಿ ಮಾತ್ರ ನಾನು ಬಹಳ ಓದುತ್ತಿದ್ದೆ! ಕೈಯ ಹಣ ತೀರಿದ ಮೇಲೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಹಿಡಿದೆ. ಬೆಳಗ್ಗೆ ಒಂಬತ್ತಕ್ಕೆ ಅಲ್ಲಿರಬೇಕು. ಒಂದು ಒತ್ತಕ್ಷರ ತಪ್ಪಿದರೂ ಮೊಳೆ ಜೋಡಿಸುವ ಹಿರಿಯರು ಎಲ್ಲರೆದುರಿಗೆ ಕೇಳುತ್ತಿದ್ದರು. ಉಳಿದ ಎಂಟು ತಿಂಗಳೇ ನನ್ನನ್ನು ಕನ್ನಡದ ಮೇಷ್ಟರನ್ನಾಗಿ ಮಾಡಿದುವು. ಊರು ಅದೇ, ಹುಡುಗನೂ ಅವನೇ. ಹೋಗದಿದ್ದರೆ ಏಕೆಂದು ಕೇಳುವವರೊಬ್ಬರು ಇದ್ದರು, ಅಷ್ಟೇ ವ್ಯತ್ಯಾಸ.

ಬೆಂಗಳೂರು ಕೊಡುವುದಕ್ಕೆ ಹಿಂದೆಗೆಯುವ ಊರಲ್ಲ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಕೇಂದ್ರ ಗ್ರಂಥಾಲಯವಿದೆ. ಡಿ.ವಿ.ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಂಸ್ಥೆಯ ಉಪನ್ಯಾಸಗಳನ್ನು ಕೇಳಲು ಪದವಿ ಬೇಕಿಲ್ಲ. 1760ರಲ್ಲಿ ಹೈದರಾಲಿ ತೊಡಗಿಸಿದ ಲಾಲ್‌ಬಾಗ್, ಗಿಡಮರಗಳ ಹೆಸರು ಕಲಿಯುವವರಿಗೆ ಬಯಲು ಪಾಠಶಾಲೆಯೇ ಸರಿ. ಆದರೆ ಇವುಗಳಲ್ಲಿ ಒಂದೂ, ನೀನು ಇಂದು ಬರಲಿಲ್ಲವೇಕೆಂದು ಕೇಳುವುದಿಲ್ಲ. ಆದುದರಿಂದ, ಹೊರಡುವ ಮೊದಲೇ ನಿತ್ಯ ಹಾಜರಾಗಬೇಕಾದ ಒಂದು ಕೆಲಸವನ್ನು ಗೊತ್ತುಮಾಡಿಕೊಳ್ಳಬೇಕು. ಉಳಿದುದೆಲ್ಲ ಅದರ ಸುತ್ತ ಬೆಳೆಯಲಿ.

ಲೋಕವ್ಯವಹಾರವನ್ನೂ ಮರೆಯಲಾಗದು. ಕಾಲೇಜಿಗೆ ಸೇರದವರಿಗೆ ವಿದ್ಯಾರ್ಥಿಗಳ ಬಸ್ ಪಾಸಿಲ್ಲ. ಬಹುಪಾಲು ವಿದ್ಯಾರ್ಥಿನಿಲಯಗಳಲ್ಲಿ ಎಡೆಯಿಲ್ಲ. ಬಾಡಿಗೆಯ ಕೊಠಡಿಗೆ ಮುಂಗಡ ತೆರಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ, ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತೆಂಬುದೊಂದು ಸಮಾಧಾನ. ನಡುವೆ ಬಿಟ್ಟ ವರ್ಷಕ್ಕೆ ಕೆಲವು ಕಾಲೇಜುಗಳು ಪ್ರಮಾಣಪತ್ರ ಕೇಳುತ್ತವೆ. ಪ್ರವೇಶದ ನಿಯಮಗಳನ್ನು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ವಿವೇಕ.

ಇಷ್ಟು ಹೇಳಿ, ತಂದೆಯನ್ನು ಕೇಳಿದೆ: “ಕಾಯನ್ನು ಅಟ್ಟಕ್ಕೆ ಹಾಕಿ ಎಷ್ಟು ತಿಂಗಳು ಬಿಡುತ್ತಾರೆ?”

“ಹತ್ತು ತಿಂಗಳು, ಒಂದೊಂದು ಸಲ ವರ್ಷವೇ ಆದೀತು. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಲೊಡಲೊಡ ಎನ್ನಬೇಕು.”

“ಆ ವರ್ಷ ಮಣ್ಣುಪಾಲೇ?”

ಅವರು ನಕ್ಕರು. ಆದರೆ ವ್ಯಾಪಾರದಲ್ಲಿ ಪಳಗಿದವರು, ಅಷ್ಟಕ್ಕೇ ಬಿಡಲಿಲ್ಲ. “ಸೂರು ಸೋರಿದರೆ ಅಟ್ಟದ ಕಾಯೆಲ್ಲ ಕೊಳೆತುಹೋಗುತ್ತದೆ, ಮೇಷ್ಟ್ರೇ.”

ಆ ಮಾತೂ ದಿಟವೇ. ನನ್ನ ನಾಲ್ಕು ತಿಂಗಳು ನೆನಪಾಗಿ ಸುಮ್ಮನಾದೆ.

ಆಗ ಹುಡುಗಿ ಚೀಲದಿಂದ ಒಂದು ನೋಟ್‌ಪುಸ್ತಕವನ್ನು ತೆಗೆದು ತಂದೆಯ ಮುಂದಿಟ್ಟಳು. ರಾಜಾಜಿನಗರದ ಸೋದರತ್ತೆಯ ಮನೆಯಲ್ಲಿ ವಾಸ, ಬೆಳಗ್ಗೆ ಸಸಿತೋಟವೊಂದರಲ್ಲಿ ಸಣ್ಣ ಸಂಬಳದ ಕೆಲಸ, ಸಂಜೆ ಚಿತ್ರಾಭ್ಯಾಸ, ಭಾನುವಾರ ಮನೆಗೆ ಕಾಗದ. ಕೊನೆಯ ಪುಟದಲ್ಲಿ ತಿಂಗಳ ಖರ್ಚಿನ ಲೆಕ್ಕವಿತ್ತು. ತಂದೆ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. ಬಹಳ ಹೊತ್ತು ಏನೂ ಆಡಲಿಲ್ಲ.

“ಅತ್ತೆಯ ಮನೆಯಾದರೇನು, ಊಟದ ಬಾಬ್ತು ಕಡಿಮೆ ಬರೆದಿದ್ದೀಯಲ್ಲ ಮಗು” ಎಂದು, ಜೇಬಿನಿಂದ ಪೆನ್ನು ತೆಗೆದು ತಾವೇ ತಿದ್ದಿದರು.