ಸುದ್ದಿಗೊಂದು ವರ್ತನೆ

ದಿನಕ್ಕೆ ನೂರಾರು ಸುದ್ದಿ ಹಾಕುವ ತಾಣಗಳನ್ನು ನಾವು ಹುಡುಕಿಕೊಂಡು ಹೋಗಬೇಕಿಲ್ಲ. ಬೇಡವೆಂದರೂ ಫೋನಿನಲ್ಲಿ ಟಣ್ ಎನ್ನುತ್ತಲೇ ಇರುತ್ತವೆ. ಕೈತಪ್ಪಿ ಹೋಗುವವರು ಅಪರೂಪಕ್ಕೆ ಬರೆಯುವವರು. ಎರಡು ತಿಂಗಳಿಗೊಮ್ಮೆ ಹಕ್ಕಿಗಳ ಬಗ್ಗೆ ಬರೆಯುವ ಮೇಷ್ಟ್ರು, ಮಳೆಗಾಲದಲ್ಲಷ್ಟೇ ಕಾಣಿಸಿಕೊಳ್ಳುವ ಅಣಬೆಪ್ರಿಯರು, ಹೊಸ ಶಾಸನ ಸಿಕ್ಕರೆ ಮಾತ್ರ ಕೀಲಿಮಣೆ ಮುಟ್ಟುವ ಇತಿಹಾಸಕಾರರು. ಇವರು ಏನಾದರೂ ಬರೆದರೇ ಎಂದು ದಿನಾ ಇಣುಕುವುದು ಯಾರಿಂದಲೂ ಆಗದ ಕೆಲಸ. ಫೇಸ್‌ಬುಕ್ಕನ್ನು ನಂಬಿದರೆ, ಅದು ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದಕ್ಕೆ ಹಳೆಯದೊಂದು ಉಪಾಯವಿದೆ: ಆರ್‌ಎಸ್‌ಎಸ್ ಫೀಡ್. (ಅಂತರ್ಜಾಲದಲ್ಲಿ ಹುಡುಕುವಾಗ ‘ಫೀಡ್’ ಸೇರಿಸುವುದನ್ನು ಮರೆಯಬೇಡಿ, ಬರಿಯ ಮೂರಕ್ಷರ ಹಾಕಿದರೆ ನೀವು ನಾಗಪುರ ತಲುಪುತ್ತೀರಿ.) ಹಾಲಿನವರಿಗೆ ವರ್ತನೆ ಹೇಳಿಟ್ಟ ಹಾಗೆ, ಒಮ್ಮೆ ಗೊತ್ತುಮಾಡಿದರೆ ಹೊಸ ಬರಹ ತಾನಾಗಿ ಮನೆಗೆ ಬರುತ್ತದೆ.

1999ರ ಮಾರ್ಚ್‌ನಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಇದು ಹುಟ್ಟಿತು. ಮೊದಲ ರೂಪ ಕೊಟ್ಟವರಲ್ಲಿ ಒಬ್ಬರು ಮದ್ರಾಸಿನ ಐಐಟಿಯಲ್ಲಿ ಓದಿದ ಆರ್. ವಿ. ಗುಹಾ, ಇನ್ನೊಬ್ಬರು ಡ್ಯಾನ್ ಲಿಬಿ. ನೆಟ್‌ಸ್ಕೇಪ್ ಕೈಬಿಟ್ಟಾಗ ಡೇವ್ ವೈನರ್ ಎತ್ತಿಕೊಂಡು ಬೆಳೆಸಿದರು; ಈಗ ಹೆಚ್ಚು ಬಳಕೆಯಲ್ಲಿರುವ 2.0 ಆವೃತ್ತಿ 2002ರದು. ಧ್ವನಿಯ ಫೈಲಿನ ಕೊಂಡಿಯನ್ನೂ ಇದರೊಳಗೆ ಕಟ್ಟಿ ಕಳಿಸಬಹುದೆಂದು ಆದದ್ದರಿಂದಲೇ ಪಾಡ್‌ಕಾಸ್ಟ್ ಸಾಧ್ಯವಾಯಿತು. ಬಸ್ಸಿನಲ್ಲಿ ಕೂತು ಪಾಡ್‌ಕಾಸ್ಟ್ ಕೇಳುವವರು ಹೆಸರು ಗೊತ್ತಿಲ್ಲದೆಯೇ ಆರ್‌ಎಸ್‌ಎಸ್ ಬಳಸುತ್ತಿದ್ದಾರೆ.

ಒಳಗಿನ ವ್ಯವಸ್ಥೆ ಸರಳ. ತಾಣವು ತನ್ನ ಇತ್ತೀಚಿನ ಬರಹಗಳ ತಲೆಬರಹ, ತಾರೀಖು, ಕೊಂಡಿ, ಒಂದಿಷ್ಟು ಸಾರ ಅಥವಾ ಇಡೀ ಬರಹವನ್ನೇ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಡುತ್ತದೆ. ರೀಡರ್ ಎಂಬ ಆ್ಯಪ್ ಆಗಾಗ ಹೋಗಿ ಆ ಕಡತವನ್ನು ನೋಡಿ, ಹೊಸದಿದ್ದರೆ ತರುತ್ತದೆ. ನಿಮ್ಮ ಇಮೇಲ್, ಫೋನ್ ನಂಬರ್ ಯಾವುದೂ ಆ ತಾಣಕ್ಕೆ ಬೇಕಿಲ್ಲ.

ಫೋನಿನಲ್ಲಿ ಓದುವವರು ಫೀಡ್ಲಿ ಅಥವಾ ಇನೋರೀಡರ್ ಹಾಕಿಕೊಳ್ಳಬಹುದು. ಐಫೋನ್ ಇದ್ದರೆ ನೆಟ್‌ನ್ಯೂಸ್‌ವೈರ್ ಉಚಿತ. ಕಂಪ್ಯೂಟರಿನಲ್ಲಿ ಇಮೇಲಿಗೆ ಥಂಡರ್‌ಬರ್ಡ್ ಬಳಸುವವರಿಗೆ ಅದರಲ್ಲೇ ಈ ಸೌಲಭ್ಯವಿದೆ. ಬೇಕಾದ ತಾಣದ ವಿಳಾಸ ಅಂಟಿಸಿದರೆ ಸಾಮಾನ್ಯವಾಗಿ ರೀಡರೇ ಫೀಡನ್ನು ಪತ್ತೆಹಚ್ಚುತ್ತದೆ. ಹಚ್ಚದಿದ್ದರೆ ವಿಳಾಸದ ಕೊನೆಗೆ ಓರೆಗೆರೆ ಎಳೆದು ಇಂಗ್ಲಿಷಿನಲ್ಲಿ ಫೀಡ್ ಎಂದು ಸೇರಿಸಿ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣಗಳಲ್ಲಿ ಬಹುಮಟ್ಟಿಗೆ ಇದು ಸಾಕು. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಉಂಟು. ರಿಸರ್ವ್ ಬ್ಯಾಂಕಿನ ಪ್ರಕಟಣೆಗಳಿಗೂ ಉಂಟು. ಸಾಲದ ಬಡ್ಡಿ ಲೆಕ್ಕ ಹಾಕುತ್ತಿರುವವರು ವಾಟ್ಸ್ಆ್ಯಪ್ ಫಾರ್ವರ್ಡಿಗಿಂತ ಇದನ್ನು ನೆಚ್ಚಿಕೊಳ್ಳುವುದು ಮೇಲು.

ಶುರುವಿನಲ್ಲಿ ಬಹುತೇಕರು ದೊಡ್ಡ ಪತ್ರಿಕೆಗಳ ಫೀಡನ್ನೇ ತುಂಬಿಕೊಳ್ಳುತ್ತಾರೆ. ವಾರದೊಳಗೆ ಓದದ ಬರಹಗಳ ಸಂಖ್ಯೆ ಸಾವಿರ ದಾಟುತ್ತದೆ, ಆ್ಯಪ್ ಮೂಲೆ ಸೇರುತ್ತದೆ. ಮೊದಲು ಕಡಿಮೆ ಬರೆಯುವವರನ್ನು ಸೇರಿಸಿ. ರೀಡರಿನಲ್ಲಿ ಎಲ್ಲವೂ ತಾರೀಖಿನ ಪ್ರಕಾರ ಬರುತ್ತದೆ. ನಿಮಗೆ ಇದು ಹಿಡಿಸಬಹುದು ಎಂದು ಊಹಿಸಿ ನಡುವೆ ತುರುಕುವವರಿಲ್ಲ. ಎಲ್ಲಕ್ಕಿಂತ ನನಗೆ ಇಷ್ಟವಾದ ಗುಣ, ಓದುತ್ತ ಹೋದರೆ ಪಟ್ಟಿ ಮುಗಿಯುತ್ತದೆ.

ಕೊರತೆಗಳೂ ಇವೆ. ಕೆಲವು ತಾಣಗಳು ಎರಡೇ ಸಾಲು ಕೊಟ್ಟು ಉಳಿದದ್ದಕ್ಕೆ ತಮ್ಮಲ್ಲಿಗೇ ಕರೆಯುತ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಗೆ ಫೀಡ್ ಇಲ್ಲ. ಫೈರ್‌ಫಾಕ್ಸ್ ಬ್ರೌಸರ್ 2018ರ ಕೊನೆಗೆ ತನ್ನೊಳಗಿದ್ದ ಫೀಡ್ ಓದುವ ಸೌಲಭ್ಯವನ್ನು ತೆಗೆದುಹಾಕಿತು. ಅದಕ್ಕೂ ಮುಂಚೆ, 2013ರ ಜುಲೈ 1ರಂದು ಗೂಗಲ್ ರೀಡರ್ ಬಾಗಿಲು ಹಾಕಿತ್ತು. ಆರ್‌ಎಸ್‌ಎಸ್ ಕಥೆ ಮುಗಿಯಿತೆಂದು ಆಗ ಹಲವರು ಬರೆದರು. ಮುಗಿದದ್ದು ಒಂದು ಅಂಗಡಿ ಮಾತ್ರ. ಓದುಗರು ತಮ್ಮ ಪಟ್ಟಿಯನ್ನು ಇಳಿಸಿಕೊಂಡು ಫೀಡ್ಲಿಯಂಥ ಕಡೆಗೆ ಹೊರಟರು. ಹಾಗೆ ಹೊರಡಲು ಆದದ್ದು ಒಪಿಎಂಎಲ್ ಎಂಬ ಪುಟ್ಟ ಕಡತದಿಂದ: ನೀವು ಹಿಂಬಾಲಿಸುವ ತಾಣಗಳೆಲ್ಲ ಅದರಲ್ಲಿರುತ್ತವೆ, ಬೇರೆ ರೀಡರಿಗೆ ಕೊಟ್ಟರೆ ಅಲ್ಲೂ ಅದೇ ಪಟ್ಟಿ ತೆರೆದುಕೊಳ್ಳುತ್ತದೆ. ನಿಮ್ಮ ರೀಡರಿನ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಎಂಬ ಗುಂಡಿ ಇರುತ್ತದೆ. ಆರು ತಿಂಗಳಿಗೊಮ್ಮೆ ಒತ್ತಿ, ಇಮೇಲಿನಲ್ಲಿ ನಿಮಗೇ ಕಳಿಸಿಟ್ಟುಕೊಳ್ಳಿ.