ಕ್ಲೋರಿನ್ ಅನಿಲ: ಉಪಕಾರವೂ ಅಪಾಯವೂ



ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಮನೆಗಳಿಂದ ಹೊರಹೋಗುವ ಕೊಳೆನೀರು ಪೂರ್ಣ ವ್ಯರ್ಥವಾಗುವುದಿಲ್ಲ. 1982ರಲ್ಲಿ ಮಫ್ರಕ್ ಶುದ್ಧೀಕರಣ ಸ್ಥಾವರ ಆರಂಭವಾದ ಕಾಲದಿಂದಲೂ ಅಬುಧಾಬಿಯಲ್ಲಿ ಶುದ್ಧೀಕರಿಸಿದ ತ್ಯಾಜ್ಯನೀರನ್ನು ಉದ್ಯಾನಗಳಿಗೆ, ರಸ್ತೆಬದಿಯ ಮರಗಳಿಗೆ ಉಣಿಸಲಾಗುತ್ತಿದೆ. ಆ ಹುಲ್ಲಿನ ಮೇಲೆ ಮಕ್ಕಳು ಆಡುವುದರಿಂದ ರೋಗಾಣುನಾಶ ಅನಿವಾರ್ಯ. ಈ ಕಾರ್ಯಕ್ಕೆ ಲೋಕದಾದ್ಯಂತ ಬಹುಕಾಲದಿಂದ ಬಳಸುತ್ತಿರುವ ವಸ್ತುವೇ ಕ್ಲೋರಿನ್.

1774ರಲ್ಲಿ ಸ್ವೀಡನ್ನಿನ ಷೀಲೆ ಇದನ್ನು ಮೊದಲು ತಯಾರಿಸಿದನು. ಹಳದಿ ಮಿಶ್ರಿತ ಹಸಿರು ಬಣ್ಣದ ಈ ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರವಾದುದರಿಂದ ನೆಲಕ್ಕಂಟಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಒತ್ತಡದಿಂದ ದ್ರವವಾಗಿಸಿ ಉಕ್ಕಿನ ಸಿಲಿಂಡರುಗಳಲ್ಲಿ ತುಂಬುತ್ತಾರೆ. ಸೋರಿದರೆ ಒಂದು ಪಾಲು ದ್ರವ ಸುಮಾರು 450 ಪಾಲು ಅನಿಲವಾಗುತ್ತದೆ. 2022ರ ಜೂನ್ 27ರಂದು ಜೋರ್ಡಾನಿನ ಅಕಾಬಾ ಬಂದರಿನಲ್ಲಿ ಕ್ರೇನಿನಿಂದ ಕ್ಲೋರಿನ್ ಟ್ಯಾಂಕೊಂದು ಕಳಚಿಬಿದ್ದು 13 ಜನ ಅಸುನೀಗಿದರು.

ಸಿಲಿಂಡರುಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಬೇಕು. ಅವುಗಳ ಸುರಕ್ಷಾ ಬಿರಡೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುವುದರಿಂದ ಕೊಲ್ಲಿಯ ಬೇಸಿಗೆಯಲ್ಲಿ ಈ ಎಚ್ಚರ ಇಮ್ಮಡಿ ಅಗತ್ಯ. ಅಮೋನಿಯಾದ ಆವಿ ತೋರಿಸಿದಾಗ ಬಿಳಿಹೊಗೆ ಎದ್ದರೆ ಅಲ್ಲಿ ಸೋರಿಕೆಯಿದೆಯೆಂದು ತಿಳಿಯಬೇಕು. ಸೋರುವ ರಂಧ್ರಕ್ಕೆ ನೀರು ಹಾಯಿಸಲೇಬಾರದು. ಅಲ್ಲಿ ಹುಟ್ಟುವ ಆಮ್ಲ ಲೋಹವನ್ನು ತಿಂದು ರಂಧ್ರವನ್ನು ಹಿರಿದಾಗಿಸುತ್ತದೆ. ತರಬೇತಿಯಿಲ್ಲದವರು ದುರಸ್ತಿಗೆ ಇಳಿಯದೆ, ಗಾಳಿ ಬೀಸಿಬರುವ ದಿಕ್ಕಿಗೆ, ಎತ್ತರದ ಸ್ಥಳಕ್ಕೆ ತೆರಳಬೇಕು. ಬಿದ್ದವನನ್ನು ಎತ್ತಲು ಉಸಿರಾಟದ ಉಪಕರಣವಿಲ್ಲದೆ ಧಾವಿಸುವವನು ತಾನೂ ಬೀಳುತ್ತಾನೆ.

ವೈದ್ಯರಾದ ನಾವು ಒತ್ತಿ ಹೇಳಬೇಕಾದುದೊಂದಿದೆ. ಈ ಅನಿಲ ತೇವವಿರುವ ಕಣ್ಣು, ಗಂಟಲು, ಶ್ವಾಸನಾಳಗಳನ್ನು ಸುಡುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಶುದ್ಧಗಾಳಿ, ಆಮ್ಲಜನಕ, ಶ್ವಾಸನಾಳ ಹಿಗ್ಗಿಸುವ ಔಷಧಗಳೇ ಆಧಾರ. ಕಣ್ಣುಗಳನ್ನು ಕನಿಷ್ಠ 15 ನಿಮಿಷ ನೀರಿನಿಂದ ತೊಳೆಯಬೇಕು. ಕೆಮ್ಮು ತಗ್ಗಿತೆಂದು ಮನೆಗೆ ಮರಳುವುದು ಸಲ್ಲದು. ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಹಲವು ಗಂಟೆಗಳ ಬಳಿಕವೂ ತಲೆದೋರಬಹುದು. ಆಸ್ತಮಾ ಇರುವವರಿಗಂತೂ ಅಲ್ಪ ಪ್ರಮಾಣವೂ ಕಷ್ಟಕರ.

ಇದು ಸ್ಥಾವರಗಳಲ್ಲಿ ದುಡಿಯುವವರಿಗಷ್ಟೇ ಸಂಬಂಧಿಸಿದ ಮಾತಲ್ಲ. ಬ್ಲೀಚ್ ದ್ರಾವಣಕ್ಕೆ ಆಮ್ಲಯುಕ್ತ ಶೌಚಾಲಯ ಕ್ಲೀನರ್ ಬೆರೆಸಿದರೆ ಕಿಟಕಿಯಿಲ್ಲದ ನಮ್ಮ ಸ್ನಾನಗೃಹದಲ್ಲೇ ಇದೇ ಅನಿಲ ಹುಟ್ಟುತ್ತದೆ. ಎರಡನ್ನೂ ಎಂದಿಗೂ ಒಟ್ಟಿಗೆ ಬಳಸದಿರಿ; ಮನೆಗೆಲಸದವರಿಗೂ ಇದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿರೆಂಬುದು ನಮ್ಮ ವಿನಂತಿ.